ಹಿತ್ತಲ ಖೋಲಿಯ ಶಿವಲೀಲಾಗೆ, ಹೊಟ್ಟೆಕಿಚ್ಚಿನಿಂದ

ಧಾರವಾಡ, ಪೂರ್ವದ ಏಳನೆಯ ಸಾಲು
ಶ್ರಾವಣ ಮೂವತ್ತೊಂಬತ್ತು, ಕ್ರಿ.ಶ. 2171

ಶಿವಲೀಲಾ ಹೂಗಾರ ಅವರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ವರ್ಷಕ್ಕೆ ಒಂಬತ್ತೇ ತಿಂಗಳು, ತಿಂಗಳಿಗೆ ನಲವತ್ತು ದಿನ, ಶ್ರಾವಣವೇ ಕೊನೆಯದು. ಅದು ಮುಗಿದ ಮೇಲೆ ಉಳಿಯುವ ಐದು ದಿನ ಯಾವ ತಿಂಗಳಿಗೂ ಸೇರಿದ್ದಲ್ಲ. ಅವನ್ನು ಅದಲು ದಿನಗಳು ಎನ್ನುತ್ತೇವೆ, ಓದುವ ಹುಡುಗ ಹುಡುಗಿಯರನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಕಳಿಸುವುದು ಆಗಲೇ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಎಷ್ಟೋ ಪದಗಳು ನಮ್ಮ ಬಾಯಿಂದ ಬಿದ್ದುಹೋಗಿವೆ. ಬಾಡಿಗೆ ಎಂಬ ಪದದ ಅರ್ಥ ನನ್ನ ಜೊತೆ ಓದುವ ಯಾರಿಗೂ ಗೊತ್ತಿಲ್ಲ. ನನಗೆ ಮಾತ್ರ ಗೊತ್ತು, ಅದಕ್ಕೆ ಕಾರಣ ನೀವು.

ನಾನು ನಿಮ್ಮ ವಂಶದವಳಲ್ಲ, ನಿಮಗೆ ಖೋಲಿ ಕೊಟ್ಟ ನೀಲವ್ವ ಹಂಚಿನಮನಿಯವರ ಕಡೆಯವಳು. ನೀವು ನೀಲಕ್ಕಾರ ಎಂದು ಕರೆಯುತ್ತಿದ್ದ ಆ ಮನೆ ಒಡತಿಯ ಮಗಳು ವೀಣಾ. ವೀಣಾಳ ಹಿರಿಯ ಮಗಳು ನನ್ನ ಮುತ್ತಜ್ಜಿಯ ಅಜ್ಜಿ. ಆ ಕೂಸಿಗೆ ನಿಮ್ಮ ಹೆಸರನ್ನೇ ಇಟ್ಟರು. ಅಲ್ಲಿಂದ ಇಲ್ಲಿಯವರೆಗೆ ನಮ್ಮ ಮನೆಯಲ್ಲಿ ಮೊದಲು ಹುಟ್ಟಿದ ಹೆಣ್ಣು ಮಗುವಿಗೆಲ್ಲ ಅದೇ ಹೆಸರು. ನನ್ನದೂ ಅದೇ. ಬಾಡಿಗೆಗೆ ಬಂದವರು ಖೋಲಿ ಬಿಟ್ಟುಹೋಗುತ್ತಾರೆ ಎಂದು ಕೇಳಿದ್ದೇನೆ. ನೀವು ಮಾತ್ರ ಹೋಗಲೇ ಇಲ್ಲ. ನನಗೆ ಏನಾದರೂ ಕೈಲಾಗದಿದ್ದಾಗ ನಮ್ಮಮ್ಮ, ಆ ಶಿವಲೀಲಾ ಎಲ್ಲಿ, ಈ ಶಿವಲೀಲಾ ಎಲ್ಲಿ ಎನ್ನುತ್ತಾಳೆ. ನಿಮಗೂ ಆಗ ಹತ್ತೊಂಬತ್ತು, ನನಗೂ ಈಗ ಹತ್ತೊಂಬತ್ತು. ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ: ನಿಮ್ಮನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ನಮ್ಮ ಊರಿನ ವ್ಯವಸ್ಥೆ ಹೇಳಿದರೆ ನೀವು ನನಗೇ ತಿರುಗಿ ಬೈಯಬಹುದು. ಇಲ್ಲಿ ಖೋಲಿಗಾಗಿ ಯಾರೂ ಅಲೆಯುವುದಿಲ್ಲ. ಹುಬ್ಬಳ್ಳಿ ಧಾರವಾಡದ ನಡುವೆ ಈಗ ಖಾಲಿ ಜಾಗವೇ ಇಲ್ಲ, ಉದ್ದಕ್ಕೂ ಸಾಲುಮನೆಗಳು. ಕಾಲೇಜು ಸೇರಿದ ದಿನವೇ ಹೊಂದಿಕೆ ನಮಗೊಂದು ಕೋಣೆ ಕೊಡುತ್ತದೆ. ಹೊಂದಿಕೆ ಎಂದರೆ ಮನುಷ್ಯರಲ್ಲ, ಯಾರಿಗೆ ಎಷ್ಟು ಬೆಳಕು ಬೇಕು, ಎಷ್ಟು ನಿದ್ದೆ ಬೇಕು ಎಂದು ಸದಾ ಲೆಕ್ಕ ಹಾಕುತ್ತ ಕೂತಿರುವ ಒಂದು ಯಂತ್ರಬುದ್ಧಿ. ಕೋಣೆ ಹದವಾಗಿ ಬೆಚ್ಚಗಿರುತ್ತದೆ, ನಲ್ಲಿ ತಿರುಗಿಸಿದರೆ ನೀರು ಬರುತ್ತದೆ, ಗೋಡೆಯ ಬಣ್ಣ ನಮ್ಮ ಮನಸ್ಸು ನೋಡಿಕೊಂಡು ಬದಲಾಗುತ್ತದೆ. ಊಟದ ಡಬ್ಬಿ ಬಾಗಿಲ ಕಿಂಡಿಗೆ ತಾನೇ ಬಂದು ನಿಲ್ಲುತ್ತದೆ. ಜಾತಿ ಕೇಳುವವರಿಲ್ಲ, ಗೇಟಿಗೆ ಬೀಗ ಹಾಕುವವರಿಲ್ಲ. ಒಬ್ಬರಿಂದ ಒಬ್ಬರಿಗೆ ತೊಂದರೆಯಾಗಬಾರದೆಂದು ನಮ್ಮ ಓಣಿಗಳನ್ನೂ ಹಾಗೇ ಮಾಡಿದ್ದಾರೆ. ನಾನು ಹೊರಗೆ ಕಾಲಿಟ್ಟಾಗ ಪಕ್ಕದವರ ಬಾಗಿಲು ತೆರೆಯುವುದಿಲ್ಲ, ಅವರು ಹೊರಟಾಗ ನನ್ನದು ತೆರೆಯುವುದಿಲ್ಲ. ಇವಕ್ಕೆ ಎದುರಾಗದ ಓಣಿ ಎಂದೇ ಹೆಸರು. ಎರಡು ವರ್ಷದಿಂದ ಈ ಸಾಲಿನಲ್ಲಿದ್ದೇನೆ, ನೆರೆಯವರ ಮುಖ ನೋಡಿಲ್ಲ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎನ್ನುತ್ತಾರಲ್ಲ, ಆ ಮಾತು ಮಾತ್ರ ನಮ್ಮಲ್ಲೂ ಉಳಿದುಕೊಂಡಿದೆ.

ನಮ್ಮ ಮನೆಯಲ್ಲಿ ಕೂಸು ಹುಟ್ಟಿದಾಗಲೆಲ್ಲ ಹನ್ನೆರಡನೆಯ ದಿನ ತೊಟ್ಟಿಲ ಪಕ್ಕ ಕೂತು ನಿಮ್ಮ ಕಥೆ ಹೇಳುತ್ತಾರೆ. ಮಿಕ್ಕ ಮಾತೆಲ್ಲ ನಮ್ಮ ಕಾಲದ ಕನ್ನಡದಲ್ಲಿ, ನೀಲಕ್ಕ ಮತ್ತು ಆ ಕಾಲದವರ ಮಾತು ಬಂದಾಗ ಮಾತ್ರ ಅವರವರ ದನಿಯಲ್ಲೇ ಹೇಳಬೇಕು, ಅದು ನಮ್ಮ ಪದ್ಧತಿ. ನಡೆದದ್ದು ನಿಮಗೆ ಗೊತ್ತೇ ಇದೆ. ಆದರೂ ನಾವು ಅದನ್ನು ಹೇಗೆ ಹೇಳುತ್ತೇವೆ, ಎಲ್ಲೆಲ್ಲಿ ನನ್ನ ಹೊಟ್ಟೆ ಉರಿಯುತ್ತದೆ, ಕೇಳಿ.

ನೀವು ಗಜೇಂದ್ರಗಡದಿಂದ ಬಿ.ಎ. ಓದಲು ಬಂದಿದ್ದಿರಿ. ಹಾಸ್ಟೆಲಿನಲ್ಲಿ ಸೀಟು ಸಿಗಲಿಲ್ಲ. ಗೆಳತಿಯೊಬ್ಬಳನ್ನು ಕಟ್ಟಿಕೊಂಡು ಗೇಟಿನಿಂದ ಗೇಟಿಗೆ, ಬಾಡಿಗೆಗೆ ಇದೆ ಎಂಬ ಬೋರ್ಡು ಕಂಡಲ್ಲೆಲ್ಲ ನಿಂತಿರಿ. ಕರೆಂಟು ಕಂಬಕ್ಕೆ ಅಂಟಿಸಿದ ನಂಬರಿಗೆಲ್ಲ ಫೋನು ಮಾಡಿದಿರಿ. ಒಂದು ಮನೆಯಲ್ಲಿ ಅಡ್ಡಹೆಸರು ಕೇಳಿ, ಈಗಷ್ಟೇ ಬ್ಯಾರೇದವ್ರು ಹಿಡದು ಹೋದ್ರು ಅಂದರು. ಇನ್ನೊಂದರಲ್ಲಿ ಹೆಣ್ಣುಮಕ್ಕಳಿಗೆ ಕೊಡಂಗಿಲ್ಲ ಅಂದರು, ಅದರ ಪಕ್ಕದ ಮನೆಯಲ್ಲಿ ಗಂಡುಹುಡುಗರಿಗೆ ಕೊಡುತ್ತಿರಲಿಲ್ಲ, ಆದರೆ ಅಲ್ಲಿ ಖೋಲಿಯೇ ಖಾಲಿ ಇರಲಿಲ್ಲ. ನಿಮಗೆ ಅಳು ಬಂದಿತ್ತಂತೆ. ಬರಬೇಕಾದದ್ದೇ, ಅದು ಅನ್ಯಾಯ, ಅದಕ್ಕಾಗಿ ನಾನು ಕರುಬುವುದಿಲ್ಲ. ಕರುಬುವುದು ಅದರ ಮುಂದಿನದಕ್ಕೆ. ನೀಲಕ್ಕ ನಿಮ್ಮನ್ನು ಗೇಟಿನ ಹೊರಗೇ ನಿಲ್ಲಿಸಿ, ಯಾವೂರು, ಯಾರ ಪೈಕಿ, ಏನು ಓದೂದು ಎಂದೆಲ್ಲ ಕೇಳಿ, ಕೊನೆಗೆ ಮೊಟ್ಟಿ ತಿಂತಿಯೇನವಾ ಅಂದರು. ತಿಂತೀನ್ರಿ, ಆದ್ರ ನಿಮ್ಮ ಮನಿಯಾಗ ಬೇಯಸಂಗಿಲ್ಲ ಅಂದಿರಿ. ಅವರು ನಕ್ಕುಬಿಟ್ಟರು. ಬಾ ಒಳಗ, ಖೋಲಿ ನೋಡು ಅಂದರು. ಬಾ ಒಳಗ! ಯಂತ್ರವೊಂದು ನನ್ನ ನಿದ್ದೆಯನ್ನು ಅಳೆದು ಕೋಣೆ ಕೊಟ್ಟಿತು. ನಿಮ್ಮನ್ನು ಒಂದು ಜೀವ ಮುಖ ನೋಡಿ, ಜವಾಬು ಕೇಳಿ ಒಳಗೆ ಕರೆಯಿತು.

ಖೋಲಿಯಾದರೂ ಎಂಥದು? ಹಿತ್ತಲ ಕಡೆಯದು, ಬಚ್ಚಲಿಗೆ ತಾಗಿಕೊಂಡದ್ದು, ಗಾಳಿ ಬಾರದ್ದು, ಹಲ್ಲಿಗಳಿಗೆ ಕಡಿಮೆಯಿಲ್ಲದ್ದು. ಅಲ್ಲಿ ಕೂತು ನೀವು ನಸುಕಿನಲ್ಲಿ ಎದ್ದು ಗಟ್ಟಿಯಾಗಿ ಇತಿಹಾಸ ಓದುತ್ತಿದ್ದಿರಿ. ಮನಸ್ಸಿನಲ್ಲೇ ಓದಿದರೆ ನಿಮ್ಮ ತಲೆಗೆ ಹತ್ತುತ್ತಿರಲಿಲ್ಲವಂತೆ. ನೀಲಕ್ಕ ಅಡಿಗೆಮನೆಯಿಂದ ದಿನವೂ ಕೂಗುವುದು ಒಂದೇ ಮಾತು, ಸಪ್ಪಳ ಕಡಿಮಿ ಮಾಡವಾ, ರಾಷ್ಟ್ರಕೂಟರು ಸತ್ತು ಹೋಗ್ಯಾರ, ಮಲಕೊಂಡವ್ರನ್ನ ಯಾಕ ಎಬ್ಬಸ್ತಿ. ನೀವು ನಾಲ್ಕು ಸಾಲು ಮೆತ್ತಗೆ ಓದಿ ಐದನೆಯದಕ್ಕೆ ಮತ್ತೆ ದನಿ ಏರಿಸುತ್ತಿದ್ದಿರಿ. ನೀರಿನ ಮೋಟರಿಗೆ ಜಗಳ, ಬಟ್ಟೆ ಒಣಗಿಸುವ ತಂತಿಗೆ ಜಗಳ. ಹಬ್ಬದ ದಿನ ಹೋಳಿಗೆ ಕೊಟ್ಟು ಕಳಿಸಿ, ಪಾತ್ರೆ ತೊಳೆದು ಕೊಡಲಿಲ್ಲವೆಂದು ಅದಕ್ಕೂ ಜಗಳ. ನನ್ನ ಊಟದ ಡಬ್ಬಿಯನ್ನು ನಾನು ತೊಳೆದರೂ ತೊಳೆಯದಿದ್ದರೂ ಯಾರಿಗೂ ಏನೂ ಅನ್ನಿಸುವುದಿಲ್ಲ.

ಆಮೇಲೆ ಪರೀಕ್ಷೆ ಹತ್ತಿರ ಬಂದಾಗ ನೀಲಕ್ಕ ಖೋಲಿ ಬಿಡು ಅಂದರು. ಮಗಳು ವೀಣಾ ಬಾಣಂತನಕ್ಕ ಬರ್ತಾಳ, ಬೆಚ್ಚಗಿರೂದು ಇದೊಂದೇ ಖೋಲಿ ಅಂದರು. ಪರೀಕ್ಷೆ ಎದುರಿಗಿಟ್ಟುಕೊಂಡು ನೀವು ಎಲ್ಲಿಗೆ ಹೋಗಬೇಕು? ಭಾನುವಾರ ಬೆಳಿಗ್ಗೆ ಮಿರ್ಚಿ ಭಜಿ ಗಾಡಿಯ ಪಕ್ಕದ ಕಟ್ಟೆಗೆ ಓಡಿದಿರಿ. ಕಾನೂನು ಓದುವ ಹುಡುಗ ಹುಡುಗಿಯರು ಅಲ್ಲಿ ಕೂತು, ಬಾಡಿಗೆ ಖೋಲಿಯ ತಂಟೆ ಹೊತ್ತು ಬಂದ ವಿದ್ಯಾರ್ಥಿಗಳಿಗೆ ಪುಕ್ಕಟೆ ಸಲಹೆ ಕೊಡುತ್ತಿದ್ದರು. ಕರಾರು ಪತ್ರ ಐತೇನು, ಮುಂಚಿತ ನೋಟಿಸ್ ಕೊಟ್ಟಾರೇನು, ಯಾರರ ಎದುರಿಗೆ ಮಾತಾಗೇತೇನು ಎಂದು ಕೇಳಿ ದಾರಿ ತೋರಿಸುತ್ತಿದ್ದರು. ಅವರ ಮುಂದಾಳು ಮೆಹಬೂಬ ನದಾಫ ನಿಮ್ಮ ಮಾತು ಕೇಳಿ ನಕ್ಕ. ಮಗಳ ಬಾಣಂತನ ಅಂದ್ರ ಖೋಲಿ ಖಾಲಿ ಮಾಡಸೂ ಹಳೇ ಔಷಧ, ಈ ಊರಿನ ಮಾಲಕರು ಹೇಳಿದಷ್ಟು ಬಾಣಂತನ ಖರೇ ಆಗಿದ್ರ ಧಾರವಾಡದಾಗ ತೊಟ್ಟಿಲಾ ಇಡಾಕ ಜಾಗ ಇರತಿದ್ದಿಲ್ಲ ಅಂದ. ಭಜಿ ತಿಂದ ಕೈ ಒರೆಸಿಕೊಂಡು ಆರೇಳು ಮಂದಿ ಎದ್ದು ನಿಮ್ಮ ಹಿಂದೆ ಹೊರಟರು. ಈ ಜಾಗಕ್ಕೆ ಬಂದಾಗ ನಾನು ಪ್ರತಿಸಲವೂ ಕಥೆ ಬಿಟ್ಟು ಎದ್ದು ಹೋಗುತ್ತಿದ್ದೆ. ಗುರುತಿಲ್ಲದ ಒಬ್ಬ ಹುಡುಗಿಯ ಖೋಲಿಗಾಗಿ ಆರೇಳು ಮಂದಿ ಭಾನುವಾರ ಬಿಟ್ಟು ಬರುವುದೆಂದರೆ ಏನು? ಅಷ್ಟು ಸಿರಿವಂತರಾಗಿದ್ದಿರಿ ನೀವು.

ಗೇಟಿನಲ್ಲಿ ನಿಂತು ನದಾಫ, ಅಮ್ಮಾರ, ಕಾನೂನು ಪ್ರಕಾರ ಎಂದು ಶುರುಮಾಡಿದ. ಅಷ್ಟರಲ್ಲಿ ಬಾಗಿಲು ತೆರೆಯಿತು. ಹಿಂದಿನ ದಿನ ನೀವು ಗೆಳತಿಯ ಮನೆಗೆ ಹೋಗಿ ರಾತ್ರಿ ಅಲ್ಲೇ ಉಳಿದಿದ್ದಾಗ ಊರಿಂದ ಬಂದಿಳಿದಿದ್ದ ವೀಣಾ, ತುಂಬಿದ ಹೊಟ್ಟೆ ಹೊತ್ತು, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಕಾನೂನು ಅಲ್ಲಿಗೇ ನಿಂತಿತು. ನದಾಫ ಕೈ ಮುಗಿದ. ಒಬ್ಬರ ಹಿಂದೊಬ್ಬರು ಅಡಗಿಕೊಳ್ಳಲು ನೋಡಿದರು. ನೀಲಕ್ಕ ಸೊಂಟಕ್ಕೆ ಕೈಯಿಟ್ಟು, ನೋಡ್ರೆಪಾ, ಇದು ಖರೇ ಐತೋ ಸುಳ್ಳ ಐತೋ ಎಲ್ಲಾರೂ ಛಂದಂಗ ನೋಡ್ರಿ ಅಂದರು. ಎಲ್ಲರೂ ನೆಲ ನೋಡುತ್ತಿದ್ದಾಗ ನೀವೊಬ್ಬರೇ ತಲೆ ಎತ್ತಿ, ಆಕೀದೂ ಖರೇ, ನಂದೂ ಖರೇ, ಪರೀಕ್ಷಾ ಮುಗಿಯೂತನಕ ಇಬ್ಬರೂ ಅದೇ ಖೋಲ್ಯಾಗ ಇರ್ತೀವಿ ಅಂದಿರಿ. ನೀಲಕ್ಕ ಆಗಂಗಿಲ್ಲ ಅಂದರು. ವೀಣಾ ಮಾತ್ರ, ಇರಲಿ ಬಿಡವಾ, ರಾತ್ರಿ ನನಗೂ ಜೊತಿ ಆಗ್ತಾಳ ಅಂದಳು. ಜಗಳಕ್ಕೆ ಬಂದವರೇ ಮಂಚ ಸರಿಸಿ ನಿಮಗೊಂದು ಮೂಲೆ ಮಾಡಿಕೊಟ್ಟು, ಚಹಾ ಕುಡಿದು ಹೋದರು.

ಕೂಸು ಹುಟ್ಟಿತು. ಎಂಥಾ ಅಳು ಎಂದರೆ ಓಣಿಗೆಲ್ಲ ನಿದ್ದೆಯಿಲ್ಲ. ಜೋಗುಳ ಹಾಡಿದರೂ ಇಲ್ಲ, ಬಜೆ ತೇಯ್ದು ನೆಕ್ಕಿಸಿದರೂ ಇಲ್ಲ. ಒಂದು ನಸುಕಿನಲ್ಲಿ ನೀವು ಎಂದಿನಂತೆ ಓದಲು ಕೂತಿರಿ. ಕೂಸು ಸುಮ್ಮನಾಯಿತು. ನೀಲಕ್ಕ ಬೈದಾರೆಂದು ನೀವು ನಿಲ್ಲಿಸಿದಿರಿ, ಕೂಸು ಮತ್ತೆ ಶುರುಮಾಡಿತು. ಆಗ ಅಡಿಗೆಮನೆಯಿಂದ ಅದೇ ನೀಲಕ್ಕ ಕೂಗಿದರು: ಯಾಕ ಸುಮ್ಮನಾದಿ? ಓದವಾ, ಕೂಸು ಎದ್ದೈತಿ! ನಮ್ಮಲ್ಲಿ ಕಥೆ ಮುಗಿಯುವುದು ಇಲ್ಲಿಗೆ. ತೊಟ್ಟಿಲ ಸುತ್ತ ಕೂತವರೆಲ್ಲ ಆ ಮಾತನ್ನು ಒಟ್ಟಿಗೆ ಕೂಗಿ ನಗುತ್ತಾರೆ.

ಈಗ ನನ್ನ ಸಂಗತಿ. ನನ್ನ ಕೋಣೆಗೆ ಒಂದು ಊನವಿದೆ. ನಮ್ಮ ಗೋಡೆಗಳಲ್ಲಿ ದನಿ ದಾಟಬಾರದು, ನನ್ನ ಎಡಗಡೆಯ ಗೋಡೆಯಲ್ಲಿ ದಾಟುತ್ತದೆ. ಆಚೆ ಇರುವವರು ಯಾರೋ ಗೊತ್ತಿಲ್ಲ, ದನಿ ಹೆಣ್ಣಿನದು. ಬೆಳಗಾಗುವಾಗ ಗಟ್ಟಿಯಾಗಿ ಓದುತ್ತಾಳೆ. ನಮ್ಮ ಕಾಲದಲ್ಲಿ ಹಾಗೆ ಓದುವವರು ಯಾರೂ ಇಲ್ಲ. ಅವಳದು ಕೆರೆಗಳ ಹೂಳಿನ ಪಾಠ. ಒಂದು ಉದ್ದನೆಯ ವಾಕ್ಯಕ್ಕೆ ಬಂದಾಗ ಯಾವಾಗಲೂ ಮುಗ್ಗರಿಸುತ್ತಾಳೆ, ಥೂ ಎನ್ನುತ್ತಾಳೆ, ಮತ್ತೆ ಮೊದಲಿನಿಂದ. ಆ ವಾಕ್ಯ ನನಗೆ ಬಾಯಿಪಾಠವಾಗಿದೆ, ಅವಳಿಗಿನ್ನೂ ಆಗಿಲ್ಲ. ಅದನ್ನು ಕೇಳಲೆಂದೇ ನಾನು ಬೇಗ ಏಳುತ್ತಿದ್ದೆ. ನೀವು ನಗಬಹುದು, ಆ ಗೋಡೆಗೆ ಬೆನ್ನು ಕೊಟ್ಟು ಕೂತಾಗ ಮಾತ್ರ ನನಗೂ ಒಂದು ಹಿತ್ತಲ ಖೋಲಿ ಸಿಕ್ಕಿದೆ ಅನ್ನಿಸುತ್ತಿತ್ತು.

ಹೊಂದಿಕೆಗೆ ಅದು ಗೊತ್ತಾಯಿತು. ನಾನು ದೂರು ಕೊಟ್ಟಿರಲಿಲ್ಲ. ನಮ್ಮಲ್ಲಿ ದೂರು ಕೊಡುವ ಮುಂಚೆಯೇ ಪರಿಹಾರ ಬಂದು ನಿಲ್ಲುತ್ತದೆ. ಅದಲು ದಿನಗಳಲ್ಲಿ ಗೋಡೆ ರಿಪೇರಿ, ನನಗೆ ಪಶ್ಚಿಮದ ಸಾಲಿನಲ್ಲಿ ಇದಕ್ಕಿಂತ ಒಳ್ಳೆಯ ಕೋಣೆ. ನಿಮಗೆ ಕಟ್ಟೆ ಇದ್ದಂತೆ ನಮಗೆ ಆಲಿಕೆ ಎಂಬುದೊಂದಿದೆ, ಕೋಣೆಯ ಕಷ್ಟ ಕೇಳುವ ದನಿ. ಅದಕ್ಕೆ ಹೇಳಿದೆ, ನಾನು ಹೋಗುವುದಿಲ್ಲ, ಈ ಗೋಡೆ ಹೀಗೇ ಇರಲಿ ಎಂದೆ. ನಿಮ್ಮ ಬೇಸರ ನಮಗೆ ತಿಳಿಯುತ್ತದೆ ಎಂದಿತು, ಇನ್ನೂ ಒಳ್ಳೆಯ ಕೋಣೆ ತೋರಿಸಿತು. ಕೂಗಾಡಿದೆ. ಅದಕ್ಕೂ ಒಳ್ಳೆಯ ಕೋಣೆ ತೋರಿಸಿತು. ಒಂದು ಸಲವಾದರೂ ಆಗಂಗಿಲ್ಲ ಎಂದಿದ್ದರೆ ನಾನು ಯಾಕಾಗುವುದಿಲ್ಲ ಎಂದು ಕೇಳುತ್ತಿದ್ದೆ. ಬೆಣ್ಣೆಯ ಗೋಡೆಗೆ ತಲೆ ಚಚ್ಚಿಕೊಂಡರೆ ಹಣೆಗೂ ನೋವಿಲ್ಲ, ಗೋಡೆಗೂ ನೋವಿಲ್ಲ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಾಯಿತು. ಅವಳಿಗೂ ಸೂಚನೆ ಹೋಗಿರಬೇಕು, ನಿಮ್ಮ ದನಿ ಪಕ್ಕದವರಿಗೆ ಕೇಳಿಸುತ್ತಿದೆ ಎಂದು. ಈ ವಾರ ಗೋಡೆ ಪೂರ್ತಿ ಸುಮ್ಮನಿದೆ. ನನಗೆ ತೊಂದರೆಯಾಯಿತೆಂದು ಅವಳು ನಾಚಿಕೊಂಡು ಕೂತಿದ್ದಾಳೆ. ನನಗೆ ಸಿಟ್ಟು ಬಂದದ್ದು ಅದಕ್ಕೇ. ಗೋಡೆ ತಟ್ಟಿದೆ, ಉತ್ತರವಿಲ್ಲ.

ನಾಳೆ ಶ್ರಾವಣ ಮುಗಿಯುತ್ತದೆ. ನಾಡಿದ್ದು ನನ್ನ ಸಾಮಾನು ತಾನಾಗಿಯೇ ಹೊರಡುತ್ತದೆ, ಹಿಂದೆ ನಾನೂ ಹೊರಡಬೇಕು. ಆಮೇಲೆ ಅವಳನ್ನೂ ಬೇರೆಡೆಗೆ ಕಳಿಸಿದರೆ ಯಾವ ಸಾಲಿಗೆ ಹೋದಳೆಂದು ಹೇಳುವವರು ಯಾರೂ ಇರುವುದಿಲ್ಲ. ಹಾಗಾಗಿ ನಿಮ್ಮಲ್ಲಿ ಒಂದನ್ನು ಬೇಡುತ್ತೇನೆ. ಈ ಪತ್ರ ಅಷ್ಟು ಹಿಂದಕ್ಕೆ ತಲುಪುವುದೇ ಆದರೆ, ಗೇಟಿನಲ್ಲಿ ನಿಂತು ನೀವೊಬ್ಬರೇ ತಲೆ ಎತ್ತಿದಿರಲ್ಲ, ಆ ಸೊಕ್ಕಿನಲ್ಲಿ ಒಂದು ಹಿಡಿ ನನ್ನ ಕಡೆ ಕಳಿಸಿ. ಇಷ್ಟು ದಿನ ಕರುಬಿದ್ದಕ್ಕೆ ಅಷ್ಟಾದರೂ ಸಿಗಲಿ. ನಮ್ಮ ಓಣಿಯ ಬಾಗಿಲುಗಳು ಒಟ್ಟಿಗೆ ತೆರೆಯುವುದಿಲ್ಲ ನಿಜ, ಆದರೆ ಹೊರಗೆ ಬಂದವಳು ಒಳಗೆ ಹೋಗದೆ ಅಲ್ಲೇ ನಿಂತರೆ ಏನು ಮಾಡಬೇಕೆಂದು ಯಾರೂ ಬರೆದಿಟ್ಟಿಲ್ಲ. ನಾಳೆ ನಸುಕಿನಲ್ಲಿ ಹೊರಗೆ ಬಂದು ನಿಲ್ಲುತ್ತೇನೆ. ಒಳಗೆ ಹೋಗು ಎಂದು ಆಲಿಕೆ ಎಷ್ಟು ಮೆತ್ತಗೆ ಹೇಳಿದರೂ ಹೋಗುವುದಿಲ್ಲ. ಎಡಗಡೆಯ ಬಾಗಿಲನ್ನು ಎರಡೂ ಕೈಯಲ್ಲಿ ಬಡಿದು, ನೀಲಕ್ಕನ ದನಿಯಲ್ಲಿ, ಏಳನೆಯ ಸಾಲಿಗೆಲ್ಲ ಕೇಳುವ ಹಾಗೆ ಕೂಗುತ್ತೇನೆ:

ಯಾಕ ಸುಮ್ಮನಾದಿ? ಓದವಾ, ನಾ ಎದ್ದೀನಿ!

ನಿಮ್ಮ ಹೆಸರಿನವಳು,
ಶಿವಲೀಲಾ