ಮೆಟ್ಟಿಲ ಕೆಳಗಿನ ತೂತು

ಡಿಯರ್‌ಬಾರ್ನ್, ಜನವರಿ ೧೯

ಪ್ರೀತಿಯ ಪ್ರಜ್ವಲ್,

ನೀನು ಊದಿನಕಡ್ಡಿ ಹಿಡಿದು, ಹೊಗೆ ಬಾಗಿದ ಕಡೆಯೆಲ್ಲ ಟೇಪ್ ಹಾಕಿ ಬಿಸಿಗಾಳಿ ಹರಿಯುವ ಹೀಟಿಂಗ್ ಡಕ್ಟಿನ ಸೋರಿಕೆ ಮುಚ್ಚಿದ ಮೇಲೆ ಮನೆಯೆಲ್ಲ ಬೆಚ್ಚಗಿದೆ.

ಆದರೆ ಮೂರು ವಾರದಿಂದ ನನ್ನ ದೋಸೆ ಹಿಟ್ಟು ಉಬ್ಬುತ್ತಿಲ್ಲ. ಅಕ್ಕಿ ಬದಲಿಸಿದೆ, ಉದ್ದು ಬದಲಿಸಿದೆ, ಮೆಂತ್ಯವನ್ನೂ ಬೈದೆ. ನಿನ್ನೆ ಹೊಳೆಯಿತು. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಡಕ್ಟಿನ ತೂತಿಗೆ ಟೇಪ್ ಹಾಕುವಾಗ ನೀನು, "ಆಂಟಿ, ಇದು ಲೀಕ್ ಅಲ್ಲ, ಯಾರೋ ಬೇಕಂತಲೇ ಡ್ರಿಲ್ ಮಾಡಿದಾರೆ" ಎಂದಿದ್ದೆ. ನಾನು ಮನೆ ಕಟ್ಟಿದವನನ್ನು ಶಪಿಸಿ, ಅದನ್ನೂ ಮುಚ್ಚಿಸಿದ್ದೆ.

ಈ ಮನೆಯಲ್ಲಿ ಡ್ರಿಲ್ ಹಿಡಿದವರು ನಿನ್ನ ರಾಮು ಅಂಕಲ್ ಒಬ್ಬರೇ. ರುಬ್ಬಿದ ಹಿಟ್ಟನ್ನು ಆ ಗೂಡಿನಲ್ಲೇ ಇಡಬೇಕೆಂದು ಹಟ ಹಿಡಿದವರೂ ಅವರೇ. ಅವರು ತೀರಿಕೊಂಡ ಮೇಲೂ ನಾನು ಅಲ್ಲೇ ಇಡುತ್ತಿದ್ದೇನೆ.

ಶನಿವಾರ ಬಂದು ಆ ಒಂದು ಟೇಪ್ ಮಾತ್ರ ಕಿತ್ತುಕೊಡು. ನನ್ನ ಮಂಡಿ ಬಗ್ಗುವುದಿಲ್ಲ. ಉಳಿದವು ಹಾಗೇ ಇರಲಿ. ಭಾನುವಾರ ದೋಸೆಗೆ ಬಾ, ಆದರೆ ನನ್ನನ್ನು ಹೊಗಳಬೇಡ.

ಹೊರಗೆ ನೀರು ಹೆಪ್ಪುಗಟ್ಟುವ ಚಳಿ ಇದ್ದಾಗಲೂ ಹಿಟ್ಟು ಉಕ್ಕಿ ಬಂದರೆ ಅವರು ಪಾತ್ರೆ ಎತ್ತಿ ತೋರಿಸಿ, "ಎಲ್ಲ ನಿನ್ನ ಕೈಗುಣ ಕಣೇ" ಅನ್ನುತ್ತಿದ್ದರು. ಇಪ್ಪತ್ತಾರು ವರ್ಷ ನಾನು ನಂಬಿದ್ದೆ.

ಇತಿ,
ಮಂಜರಿ ಆಂಟಿ