ಒಂದೇ ಥಾನಿನ ನಾಲ್ಕು ಅಂಗಿ

ಏಪ್ರಿಲ್ ೧೪, ಭಾನುವಾರ

ಪ್ರೀತಿಯ ಸೊಸೆಗೆ (ಹೀಗೆ ಕರೆಯುವ ಹಕ್ಕನ್ನು ನಾನಂತೂ ಬಿಟ್ಟುಕೊಟ್ಟಿಲ್ಲ) ಅತ್ತೆಯ ಆಶೀರ್ವಾದ.

ಉತ್ತರ ತಡವಾಯಿತು, ಮುನಿಸಿಕೊಳ್ಳಬೇಡ. ಶಾಲೆಯ ಸಮವಸ್ತ್ರ ಹೊಲಿಯುವ ಕಾಲ. ನಿನ್ನ ಮಾವ ಮಿಷನ್ ಬಿಟ್ಟು ಏಳುವುದಿಲ್ಲ, ನನಗೆ ಕಾಜಾ ಗುಂಡಿಗಳಿಂದ ಬಿಡುವಿಲ್ಲ.

ನಮ್ಮ ಮಗ ತೀರಿಕೊಂಡ ಮೇಲೆ ನೀನು ಮತ್ತೆ ಮದುವೆಯಾಗಿ ವರ್ಷವಾಯಿತು. ಈಗ ಗಂಡನನ್ನು ಕರೆದುಕೊಂಡು ನಮ್ಮ ಜೊತೆ ಸಮುದ್ರ ನೋಡಲು ಬಂದರೆ ನಮಗೆ ನೋವಾಗಬಹುದು, ನೀವಿಬ್ಬರೇ ಹೋಗಿಬನ್ನಿ ಎಂದು ಬರೆದಿದ್ದೀಯ. ಚೆನ್ನಾಗಿದೆ ನಿನ್ನ ಮಾತು. ಆ ಮದುವೆಗೆ ಮುಂದೆ ನಿಂತು ಓಡಾಡಿದವಳು ನಾನು, ಈಗ ಅವನನ್ನು ಕಂಡು ಮುಖ ತಿರುಗಿಸುತ್ತೇನೆಯೇ? ಹೋದರೆ ನಾಲ್ವರೂ ಹೋಗುವುದು, ಇಲ್ಲದಿದ್ದರೆ ಯಾರೂ ಬೇಡ.

ಇಲ್ಲಿ ತಯಾರಿ ಜೋರಾಗಿದೆ. ಅಳತೆ ಕೊಡಲು ಬಂದವರನ್ನೆಲ್ಲ ಹಿಡಿದು ಮಾವ ಸಮುದ್ರದ ವಿಷಯ ಕೇಳುತ್ತಾರೆ. ಟೇಪು ಕುತ್ತಿಗೆಗೆ ಸುತ್ತಿರುವಾಗ ಪಾಪ, ಅವರಾದರೂ ಎಲ್ಲಿಗೆ ಓಡಿಹೋದಾರು? ಮೇಷ್ಟ್ರು, "ಬೆಳಿಗ್ಗೆ ಬೇಗ ಹೋಗಿ, ಆಮೇಲೆ ಮರಳು ಕಾಲು ಸುಡುತ್ತೆ" ಅಂದರು. ಅಂಚೆಯವನು, "ಬೆಳಿಗ್ಗೆ ಏನಿದೆ ಮಣ್ಣು, ಸಂಜೆ ಹೋಗಿ ಸ್ವಾಮಿ" ಅಂದ. ಇಬ್ಬರೂ ಸಮುದ್ರವನ್ನೇ ಕಂಡಿಲ್ಲ ಎಂದು ಆಮೇಲೆ ಗೊತ್ತಾಯಿತು.

ವಾರಕ್ಕೆ ಬಾಡಿಗೆಗೆ ಸಿಗುವ ಮನೆಯೊಂದನ್ನು ಫೋನಿನಲ್ಲೇ ಗೊತ್ತುಮಾಡಿದ್ದೇವೆ. "ಕಿಟಕಿಯಿಂದ ಸಮುದ್ರ ಕಾಣುತ್ತೇನಮ್ಮ?" ಎಂದು ಮಾವ ಕೇಳಿದರು. "ಕಾಣೋದೇನು, ಅದರ ಸದ್ದಿಗೆ ರಾತ್ರಿ ನಿದ್ದೆ ಬಂದರೆ ನಿಮ್ಮ ಪುಣ್ಯ" ಅಂದಳು ಮನೆಯೊಡತಿ. ನಿಮ್ಮ ಗೊರಕೆಯ ಮುಂದೆ ಅದೆಷ್ಟರದು ಎಂದೆ ನಾನು. ಅವರು ಕೇಳಿಸದವರ ಹಾಗೆ ಸೂಜಿಗೆ ದಾರ ಪೋಣಿಸುತ್ತಾ ಕೂತರು.

ಸಮುದ್ರದ ದಂಡೆಯಲ್ಲಿ ಅಷ್ಟು ಜನರ ನಡುವೆ ನಮ್ಮಲ್ಲಿ ಯಾರೂ ತಪ್ಪಿಸಿಕೊಳ್ಳಬಾರದಂತೆ, ಅದಕ್ಕೆ ಒಂದೇ ಥಾನಿನ ಹಳದಿ ಪಟ್ಟೆ ಬಟ್ಟೆಯಲ್ಲಿ ನಾಲ್ವರಿಗೂ ಅಂಗಿ ಹೊಲಿಯುತ್ತಿದ್ದಾರೆ. ಈ ವಯಸ್ಸಿನಲ್ಲಿ ನನಗೂ ಒಂದು. "ಬ್ಯಾಂಡ್ ಸೆಟ್ಟಿನವರು ಅಂದ್ಕೊಂಡು ಊದಿ ಅಂದ್ರೆ ಏನ್ರೀ ಮಾಡೋದು?" ಎಂದೆ. "ಊದಿದ್ರಾಯ್ತು, ಅದಕ್ಕೇನು" ಅಂದರು. ಅವರು ಇಷ್ಟು ಖುಷಿಯಾಗಿರುವುದನ್ನು ನೋಡಿ ಬಹಳ ಕಾಲವಾಗಿತ್ತು ಕಣೇ. ಅದಕ್ಕಾದರೂ ಇಲ್ಲವೆನ್ನಬೇಡ.

ನಿಮ್ಮಿಬ್ಬರ ಮನೆಯಲ್ಲಿ ಸದಾ ನಗು ತುಂಬಿರಲಿ. ಬಿಸಿಲಿಗೆ ಟೋಪಿ ಮರೆಯದೆ ತನ್ನಿ.

ಇಂತಿ,
ನಿನ್ನ ಅತ್ತೆ

ಮರೆತ ಮಾತು: ನಿನ್ನ ಗಂಡನ ಅಂಗಿಗೆ ಅಳತೆ ಬೇಡ, ಮದುವೆಯಲ್ಲಿ ನೋಡಿದ್ದೇನಲ್ಲ, ಕಣ್ಣಂದಾಜೇ ಸಾಕು ಎಂದಿದ್ದರು ಮಾವ. ನಿನ್ನೆ ಹೊಲಿದು ಮುಗಿಸಿ ಗೂಟಕ್ಕೆ ತೂಗುಹಾಕಿದರು. ನೋಡಿದರೆ ಎಡಭುಜ ಅರ್ಧ ಇಂಚು ತಗ್ಗು. ನಮ್ಮ ಮಗನದು ಹಾಗೇ ಇತ್ತು, ನಿನಗೆ ಗೊತ್ತಲ್ಲ. ಅವನಿಗೆ ಕತ್ತರಿಸಿ ಕತ್ತರಿಸಿ ರೂಢಿಯಾದ ಕೈ ತಾನಾಗಿ ಆ ಅಳತೆಗೇ ಹೋಗಿದೆ. ಹೊಲಿಗೆ ಬಿಚ್ಚಲು ಅವರಿಗೆ ಕೈ ಬರಲಿಲ್ಲ, ನಾನೇ ಬಿಚ್ಚಿದೆ. ನಿನ್ನ ಗಂಡನ ಸರಿಯಾದ ಅಳತೆ ಬರೆದು ಕಳಿಸು ತಾಯಿ, ಬೇಗ ಕಳಿಸು. ಬಿಚ್ಚಿದ ಆ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂರಲು ನನ್ನಿಂದ ಆಗುತ್ತಿಲ್ಲ.