ಸೇತುವೆಗೆ ಬಲೆ ಬೇಡವೆಂದ ಆ ವಾಕ್ಯ ನನ್ನದೇ

ಸೇತುವೆಗಳ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನದಿ ಸೇತುವೆಯ ಎರಡೂ ಬದಿಗೆ ಎತ್ತರದ ತಡೆಬಲೆ ಹಾಕಿಸಬೇಕೆಂದು ನಾನು ಕೊಟ್ಟ ಅರ್ಜಿಯನ್ನು ತಾವು ತಿರಸ್ಕರಿಸಿದ್ದೀರಿ. ತಿರಸ್ಕಾರ ನನಗೆ ಹೊಸದಲ್ಲ. ತಮ್ಮದೇ ಕಚೇರಿಯ ಮೂರನೇ ಮಹಡಿಯಲ್ಲಿ ಮೂವತ್ತನಾಲ್ಕು ವರ್ಷ ಕೂತು ನಾನೂ ಅದನ್ನೇ ತಯಾರಿಸಿದವನು. ನನ್ನ ತಕರಾರು ತಮ್ಮ ಉತ್ತರದ ಎರಡನೇ ಪ್ಯಾರಾದ ಬಗ್ಗೆ. ಅದನ್ನು ಇಲ್ಲಿ ಯಥಾವತ್ತಾಗಿ ಕೊಡುತ್ತೇನೆ: "ಜೀವ ಕಳೆದುಕೊಳ್ಳಲು ದೃಢ ನಿರ್ಧಾರ ಮಾಡಿದ ವ್ಯಕ್ತಿಗೆ, ಒಂದು ದಾರಿಯನ್ನು ಮುಚ್ಚಿದರೆ, ಆತನು ಮತ್ತೊಂದು ದಾರಿಯನ್ನು ಹುಡುಕಿಕೊಳ್ಳುವುದು ನಿಶ್ಚಿತವಾದ್ದರಿಂದ, ಸದರಿ ತಡೆಬಲೆಯಿಂದ ಸೇತುವೆಯ ಅಂದ ಕೆಡುವುದೇ ಹೊರತು, ಬೇರೆ ಪ್ರಯೋಜನ ಕಂಡುಬರುವುದಿಲ್ಲ."

ಮಾನ್ಯರೇ, ಈ ವಾಕ್ಯ ನನ್ನದು. ಅಲ್ಪವಿರಾಮಗಳೂ ನನ್ನವೇ. 'ದೃಢ' ಎಂಬಲ್ಲಿ ತಮ್ಮವರು ಮಹಾಪ್ರಾಣ ಬಿಟ್ಟು ಬೆರಳಚ್ಚು ಮಾಡಿದ್ದರು. ಅದನ್ನು ಮಾತ್ರ ನಾನು ತಿದ್ದಿದ್ದೇನೆ. ಹಳೆಯ ಚಾಳಿ, ಕ್ಷಮಿಸಬೇಕು.

ಕಚೇರಿಯಲ್ಲಿ ನನ್ನನ್ನು ತಣ್ಣೀರಪ್ಪ ಎನ್ನುತ್ತಿದ್ದರು. ಯಾವ ಅರ್ಜಿ ಬಂದರೂ ಅದರ ಮೇಲೆ ತಣ್ಣೀರು ಎರಚುವ ಕೆಲಸ ನನ್ನದಾಗಿತ್ತು. ಬಸ್ ನಿಲ್ದಾಣಕ್ಕೆ ಚಾವಣಿ ಬೇಕೆಂದವರಿಗೆ ಬಿಸಿಲಿನ ಮಹತ್ವವನ್ನೂ, ಮೆಟ್ಟಿಲು ರಿಪೇರಿ ಕೇಳಿದವರಿಗೆ ನಡಿಗೆಯ ಶಿಸ್ತನ್ನೂ ವಿವರಿಸಿ ಬರೆದಿದ್ದೇನೆ. ಹೀಗಿರುವಾಗ ಒಂಬತ್ತು ವರ್ಷದ ಹಿಂದೆ ಗಣಿತದ ಟೀಚರ್ ಒಬ್ಬರಿಂದ ದುಂಡಗಿನ ಅಕ್ಷರದಲ್ಲಿ ಒಂದೂವರೆ ಪುಟದ ಅರ್ಜಿ ಬಂತು. ಅವರ ತಮ್ಮ ಅದೇ ಸೇತುವೆಯಿಂದ ಬಿದ್ದು ಜೀವ ಕಳೆದುಕೊಂಡಿದ್ದ. ಇನ್ನೊಬ್ಬರಿಗೆ ಹೀಗಾಗದಂತೆ ಬಲೆ ಹಾಕಿಸಿ ಎಂದು ಕೇಳಿದ್ದರು. ಊಟದ ಹೊತ್ತಿಗೆ ಮೊದಲು ಮುಗಿಸಬೇಕೆಂದು ನಾನು ಮೇಲಿನ ವಾಕ್ಯವನ್ನು ಬರೆದೆ. ಅಂದಿನ ಸಾಹೇಬರು ಓದಿ "ಭೇಷ್! ಇದನ್ನ ಮಾದರಿ ಕಡತಕ್ಕೆ ಸೇರಿಸಿ" ಎಂದರು. ಹಿಗ್ಗಿ ಹೀರೇಕಾಯಿಯಾಗಿ ಸಂಜೆ ಮನೆಯಲ್ಲೂ ಓದಿ ಹೇಳಿದೆ. ನನ್ನ ಹೆಂಡತಿ ದರ್ಜಿ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಬಟ್ಟೆ ಕತ್ತರಿಸುತ್ತಿದ್ದವಳು ತಲೆ ಎತ್ತದೆ, "ತುಂಬಾ ಚೆನ್ನಾಗಿದೆ. ಆ ಹೆಂಗಸಿಗೆ ಇದನ್ನೇ ಕಳಿಸ್ತೀರಾ?" ಎಂದಳು. ಮೊದಲ ಅರ್ಧವನ್ನಷ್ಟೇ ನಾನು ಕೇಳಿಸಿಕೊಂಡೆ.

ಹದಿನೈದು ದಿನ ಬಿಟ್ಟು ಟೀಚರ್ ಆ ಉತ್ತರವನ್ನು ಹಿಡಿದುಕೊಂಡು ಕಚೇರಿಗೇ ಬಂದರು. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ಸರ್, ನನ್ನ ತಮ್ಮ ದೃಢ ನಿರ್ಧಾರ ಮಾಡಿದ್ದ ಅಂತ ನಿಮಗೆ ಯಾರು ಹೇಳಿದ್ರು? ಅವತ್ತು ಬೆಳಿಗ್ಗೆ ಚಪ್ಪಲಿ ಹೊಲಿಯೋಕೆ ಕೊಟ್ಟು ಬಂದಿದ್ದ. ಸಂಜೆ ತಗೋತೀನಿ ಅಂದಿದ್ದನಂತೆ."

"ಮೇಡಂ, ಅದು ಸಾಮಾನ್ಯ ಅಭಿಪ್ರಾಯ ಅಷ್ಟೇ."

"ಯಾರ ಸಾಮಾನ್ಯ ಅಭಿಪ್ರಾಯ?"

"ಇಲಾಖೆದು" ಎಂದೆ. ಅವರು ತಂದಿದ್ದ ಎರಡನೇ ಅರ್ಜಿಗೆ ಸ್ವೀಕೃತಿಯ ಮುದ್ರೆ ಒತ್ತಿ ಕೊಟ್ಟೆ. ಮುದ್ರೆ ವಕ್ರವಾಗಿ ಬಿತ್ತೆಂದು ಬೇಸರಪಟ್ಟುಕೊಂಡೆ. ಆ ದಿನ ನಾನು ಪಟ್ಟ ಬೇಸರ ಅದೊಂದೇ.

ಆಮೇಲೆ ನಿವೃತ್ತನಾದೆ. ಹಾರ ಹಾಕಿದರು, ನನ್ನ ಭಾಷೆಯನ್ನು ಹೊಗಳಿದರು. ಮನೆಗೆ ಬಂದು ಆರು ತಿಂಗಳಾಗುವಷ್ಟರಲ್ಲಿ ನನಗೆ ಏನೋ ಆಯಿತು. ಕಾರಣವೇನೆಂದು ತಾವು ಕೇಳಬಹುದು. ಆ ಕಾಲಂ ಖಾಲಿ ಇದೆ, ಮಾನ್ಯರೇ. ಹೆಂಡತಿ ಒಳ್ಳೆಯವಳು, ಮಗಳು ಎರಡು ಬೀದಿ ಆಚೆ ಸುಖವಾಗಿದ್ದಾಳೆ, ಮೈಗೂ ಅಂಥ ಕಾಯಿಲೆಯಿಲ್ಲ. ಆದರೆ ನಿದ್ದೆ ಹೋಯಿತು, ನಾಲಗೆಯ ರುಚಿ ಹೋಯಿತು. ಯಾರಾದರೂ ಮಾತನಾಡಿಸಿದರೆ ಅವರು ಪಕ್ಕದ ಕೋಣೆಯಲ್ಲಿ ಇನ್ಯಾರೊಂದಿಗೋ ಮಾತನಾಡುತ್ತಿದ್ದಾರೆ ಅನ್ನಿಸುತ್ತಿತ್ತು. ನಾನೊಂದು ಮುಕ್ತಾಯವಾದ ಕಡತ, ಇನ್ನೂ ಮೇಜಿನ ಮೇಲಿಟ್ಟುಕೊಂಡು ಇವರು ಯಾಕೆ ಜಾಗ ಹಾಳು ಮಾಡುತ್ತಿದ್ದಾರೆ ಎಂಬ ಯೋಚನೆ ಬೆಳಿಗ್ಗೆ ಎದ್ದೊಡನೆ ಬಂದು ಎದೆಯ ಮೇಲೆ ಕೂರುತ್ತಿತ್ತು. ಯಾರಿಗೂ ಹೇಳಲಿಲ್ಲ. ಜೀವಮಾನವೆಲ್ಲ ಬೇರೆಯವರ ಅಹವಾಲುಗಳನ್ನು ವಿಲೇವಾರಿ ಮಾಡಿದವನು ತನ್ನದನ್ನು ಯಾವ ಕಿಟಕಿಯಲ್ಲಿ ಕೊಡಬೇಕು?

ಒಂದು ಮಂಗಳವಾರ ಮಧ್ಯಾಹ್ನ ಮೂರೂವರೆಗೆ ಬಸ್ಸು ಹತ್ತಿ ಸೇತುವೆಗೆ ಹೋದೆ. ಯಾಕೆ ಹೋದೆನೆಂದು ತಮಗೆ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ದೃಢ ನಿರ್ಧಾರ ಎಷ್ಟು ದೃಢವಾಗಿತ್ತೆಂದರೆ, ಹೋಗಿಬರುವ ಟಿಕೆಟಿಗೆ ಮಾತ್ರ ಸಿಗುವ ಹಿರಿಯರ ರಿಯಾಯಿತಿ ಬಿಡಲು ಮನಸ್ಸಾಗದೆ ಅದನ್ನೇ ತೆಗೆದುಕೊಂಡಿದ್ದೆ. ನಗಬೇಕೆನ್ನಿಸಿದರೆ ನಗಿ. ನನಗೂ ಈಗ ನಗು ಬರುತ್ತದೆ, ಅಂದು ಮಾತ್ರ ಬರಲಿಲ್ಲ.

ಸೇತುವೆಗೆ ಬಣ್ಣ ಬಳಿಯುತ್ತಿದ್ದರು. ಕಾಲುದಾರಿಯ ಉದ್ದಕ್ಕೂ ನನಗಿಂತ ಎತ್ತರಕ್ಕೆ ದಪ್ಪನೆಯ ಬಲೆ ಕಟ್ಟಿದ್ದರು, ಎರಡೂ ಬದಿಗೆ. ನಾನು ಬಲೆಯನ್ನು ಹಿಡಿದು ನಿಂತೆ. ಪಕ್ಕದ ಕಂಬಿಗೆ ಒರಗಿದೆ.

"ಸಾರ್, ಸಾರ್! ಒರಗ್ಬೇಡಿ, ಬಣ್ಣ ಹಸಿ ಇದೆ!"

ತಲೆಗೆ ವಸ್ತ್ರ ಸುತ್ತಿದ್ದ, ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಪೇಂಟರ್ ಓಡಿಬಂದ. ಅಷ್ಟರಲ್ಲಿ ನನ್ನ ಬಿಳಿ ಅಂಗಿಯ ಒಂದು ಪಕ್ಕ ಹಸಿರಾಗಿತ್ತು. ಅವನು ತನ್ನ ಡಬ್ಬಿಯ ಎಣ್ಣೆಯಲ್ಲಿ ಚಿಂದಿ ಅದ್ದಿ ಒರೆಸಿದ. ಹಸಿರು ಇನ್ನಷ್ಟು ಅಗಲವಾಯಿತು.

"ಈ ಬಲೆ ಯಾಕಪ್ಪಾ?" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಬಣ್ಣದ ಹನಿ ಕೆಳಗಡೆ ದೋಣಿಯವರ ಮೇಲೆ ಬೀಳ್ಬಾರ್ದಂತೆ ಸಾರ್. ಆಫೀಸಿನವರ ಆರ್ಡರು." ಆಮೇಲೆ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. ಏನು ಕಂಡನೋ, ಕುಡಿಯುವ ನೀರಿನ ಬಾಟಲಿ ಕೈಗಿಟ್ಟು, ತಲೆಕೆಳಗಾದ ಡಬ್ಬಿಯ ಮೇಲೆ ಕೂರಿಸಿದ. "ಮನೇಲಿ ಬೈತಾರಾ?" ಎಂದ.

"ಬೈತಾರೆ."

"ಹಾಗಾದ್ರೆ ಸುಧಾರಿಸ್ಕೊಂಡು ಬೇಗ ಹೋಗಿ ಸಾರ್. ಒಣಗಿದ್ಮೇಲೆ ಬೈಗುಳ ಜಾಸ್ತಿ."

ಈಗ ಬರುವುದು ಮುಖ್ಯ ವಿಷಯ, ದಯವಿಟ್ಟು ಕನ್ನಡಕ ಹಾಕಿಕೊಂಡು ಓದಿ. ನನ್ನ ವಾಕ್ಯದ ಪ್ರಕಾರ ನಾನು ಆ ಕ್ಷಣವೇ ಎದ್ದು ಮತ್ತೊಂದು ದಾರಿ ಹುಡುಕಿಕೊಳ್ಳುವುದು ನಿಶ್ಚಿತವಾಗಿತ್ತು. ನಾನು ಹುಡುಕಿದ್ದು ಬಸ್ ನಿಲ್ದಾಣವನ್ನು. ಮೂವತ್ತನಾಲ್ಕು ವರ್ಷದ ನನ್ನ ಸೇವೆಯಲ್ಲಿ ಇಷ್ಟು ಸ್ಪಷ್ಟವಾಗಿ ಯಾರೂ ನನ್ನನ್ನು ಸುಳ್ಳುಗಾರನನ್ನಾಗಿ ಮಾಡಿರಲಿಲ್ಲ. ಕೊನೆಗೆ ಅದನ್ನೂ ನಾನೇ ಮಾಡಬೇಕಾಯಿತು.

ಮನೆಗೆ ಹೋದಾಗ ಹೆಂಡತಿ ಹೊಲಿಗೆಯಂತ್ರದ ಮುಂದಿದ್ದಳು. "ಏನ್ರೀ ಇದು ಅವತಾರ? ಎಲ್ಲಿಗೆ ಹೋಗಿದ್ರಿ?"

"ಸೇತುವೆಗೆ."

"ಯಾಕೆ?"

ಎಂಥೆಂಥ ಪ್ರಶ್ನೆಗೂ ಉತ್ತರ ಬರೆದು ಕೊಟ್ಟವನು ನಾನು. ಬಾಯಿಂದ ಬಂದದ್ದು "ವಿಷಯ ಪರಿಶೀಲನೆಯಲ್ಲಿದೆ" ಎಂಬ ಮಾತು. ಅಷ್ಟು ಹೇಳಿ ಗೊಳೋ ಎಂದು ಅತ್ತುಬಿಟ್ಟೆ. ಯಂತ್ರದ ಮೇಲಿದ್ದ ಅವಳ ಕಾಲು ನಿಂತಿತು. ಎದ್ದು ಬಂದು, ಹಸಿ ಬಣ್ಣವನ್ನೂ ಲೆಕ್ಕಿಸದೆ ನನ್ನ ಪಕ್ಕಕ್ಕೆ ಒತ್ತಿಕೊಂಡು ಕೂತಳು. "ಇಷ್ಟು ದಿನ ಒಬ್ರೇ ಹೊತ್ಕೊಂಡಿದ್ರಾ? ನಾನೇನು ಸತ್ತುಹೋಗಿದ್ನಾ?" ಎಂದಳು. ಬೈಗುಳ ಅಷ್ಟೇ. ಮಗಳಿಗೆ ಫೋನ್ ಮಾಡಿ ಕರೆಸಿದಳು. ಮರುದಿನ ಬೆಳಿಗ್ಗೆ ತಾಯಿ ಮಗಳು ಸೇರಿ ನನ್ನನ್ನು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರು.

ಡಾಕ್ಟರಮ್ಮನಿಗೆ ನಾನು ನನ್ನ ವಾಕ್ಯವನ್ನು ಬಾಯಿಪಾಠ ಒಪ್ಪಿಸಿ, ಇದು ನಿಜವೇ ಎಂದು ಕೇಳಿದೆ. "ಯಾರು ಬರೆದಿದ್ದು ಇದನ್ನ?" ಎಂದರು. "ಇಲಾಖೆಯವರು" ಎಂದೆ. "ನೋಡಿ, ಆ ಯೋಚನೆ ಜ್ವರದ ಥರ ಏರುತ್ತೆ, ಇಳಿಯುತ್ತೆ. ಏರಿದ ಹೊತ್ತಲ್ಲಿ ಮಧ್ಯೆ ಏನಾದ್ರೂ ಒಂದು ಅಡ್ಡ ಬಂದ್ರೆ ಇಳಿಯೋದಕ್ಕೆ ಸಮಯ ಸಿಗುತ್ತೆ. ಹಾಗೆ ತಡೆದು ನಿಲ್ಲಿಸಿದವರಲ್ಲಿ ಹೆಚ್ಚಿನ ಜನ ಆಮೇಲೆ ಬದುಕ್ತಾರೆ. ನೀವು ಬಂದು ಕೂತಿದ್ದೀರಲ್ಲ, ಹಾಗೆ." ಮಾತ್ರೆ ಕೊಟ್ಟರು, ವಾರವಾರ ಬಂದು ಮಾತನಾಡಲು ಹೇಳಿದರು. ನಾಲ್ಕನೇ ತಿಂಗಳಿಗೆ ಸಾರಿಗೆ ಉಪ್ಪು ಕಡಿಮೆ ಎಂದು ನಾನು ಗೊಣಗಿದಾಗ ನನ್ನ ಹೆಂಡತಿ ಸಂತೋಷದಿಂದ ಉಪ್ಪಿನ ಡಬ್ಬಿಯನ್ನೇ ತಂದು ಮುಂದಿಟ್ಟಳು.

ಅಷ್ಟು ಚೇತರಿಸಿಕೊಂಡ ಮೇಲೆ ಆ ಗಣಿತದ ಟೀಚರನ್ನು ಹುಡುಕಿಕೊಂಡು ಅವರ ಶಾಲೆಗೆ ಹೋದೆ. ಉತ್ತರಪತ್ರಿಕೆ ತಿದ್ದುತ್ತಿದ್ದರು. ಗುರುತು ಹೇಳಲು ಬಾಯಿ ತೆರೆದೆ. "ಗೊತ್ತು. ಮುಖ ಮರೆತಿಲ್ಲ" ಎಂದರು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ, ಅಂಗಿಗೆ ಬಣ್ಣ ಮೆತ್ತಿದ್ದನ್ನೂ ಬಿಡದೆ. ಮಾಡಿದ್ದುಣ್ಣೋ ಮಹಾರಾಯ ಎಂದಾರು, ಎನ್ನಲಿ ಎಂದುಕೊಂಡಿದ್ದೆ. ಅವರು ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು.

"ಸರ್, ಆ ಬಲೆಯನ್ನ ನಾನು ನನ್ನ ತಮ್ಮನಿಗೆ ಅಂತ ಕೇಳಿರಲಿಲ್ಲ. ಅವನು ಹೋಗಿದ್ದಾಗಿತ್ತು. ನಿಮ್ಮಂಥವರಿಗೆ ಅಂತಾನೇ ಕೇಳಿದ್ದೆ."

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ಕೇಳುವ ಮುಖ ನನಗೂ ಇರಲಿಲ್ಲ. ಕುರ್ಚಿ ತೋರಿಸಿ, "ಕೂತ್ಕೊಳ್ಳಿ. ಅರ್ಜಿ ಬರೀರಿ, ನಾನೂ ಸಹಿ ಹಾಕ್ತೀನಿ. ಈ ಸಲ ಉದ್ದುದ್ದ ವಾಕ್ಯ ಬೇಡ" ಎಂದರು.

ಹಾಗೆ ಬರೆದ ಅರ್ಜಿಗೇ ತಾವು ನನ್ನ ಪ್ಯಾರಾವನ್ನು ನನಗೇ ಕಳಿಸಿದ್ದು. ತೋಡಿದ ಹಳ್ಳಕ್ಕೆ ತೋಡಿದವನೇ ಬಿದ್ದರೆ ದೂರಬಾರದು, ಒಪ್ಪುತ್ತೇನೆ. ಆದರೆ ಹಳ್ಳ ಇನ್ನೂ ತೆರೆದೇ ಇದೆಯಲ್ಲ? ಬಣ್ಣ ಒಣಗಿತು, ತಮ್ಮವರು ಬಲೆ ಬಿಚ್ಚಿಕೊಂಡು ಹೋದರು. ಬಣ್ಣದ ಹನಿ ಕೆಳಗೆ ಬೀಳಬಾರದೆಂದು ಆದೇಶ ಹೊರಡಿಸಬಲ್ಲ ಇಲಾಖೆಗೆ ಮನುಷ್ಯರ ವಿಷಯದಲ್ಲಿ ಯಾಕಿಷ್ಟು ತಾತ್ವಿಕ ಜಿಜ್ಞಾಸೆ? ಬಲೆಯಿಂದ ಅಂದ ಕೆಡುತ್ತದೆ ಎನ್ನುತ್ತೀರಿ. ಆ ಅಂದದ ಮಾತನ್ನು ಬರೆದವನು ಆ ಸೇತುವೆಯನ್ನು ಒಮ್ಮೆಯೂ ನಡೆದು ದಾಟಿರಲಿಲ್ಲ. ಮೊದಲ ಸಲ ನಡೆದದ್ದು ಆ ಮಂಗಳವಾರ. ಅಂದು ಬಲೆ ಕಟ್ಟಿದ್ದ ಸೇತುವೆ ಚೆನ್ನಾಗಿಯೇ ಕಂಡಿತು.

ಅಧಿಕಾರಿಗಳು ಒಂದು ನಿಮಿಷ ತಾಳಬೇಕು, ಈ ಪತ್ರದ ಪ್ರತಿಯನ್ನು ಪತ್ರಿಕೆಯಲ್ಲಿ ಓದುತ್ತಿರುವ ಬೇರೆಯವರಿಗೆ ಒಂದು ಮಾತು. ನನ್ನ ಎದೆಯ ಮೇಲೆ ಕೂತಿದ್ದಂಥದ್ದು ನಿಮ್ಮ ಎದೆಯ ಮೇಲೂ ಕೂತಿದ್ದರೆ ಮನೆಯಲ್ಲಿ ಒಬ್ಬರಿಗೆ ಹೇಳಿ, ಇಂದೇ ಹೇಳಿ. ಚೆನ್ನಾಗಿ ಹೇಳಬೇಕೆಂದೇನಿಲ್ಲ. ನಾನು ಎಷ್ಟು ಕೆಟ್ಟದಾಗಿ ಹೇಳಿದೆನೆಂದು ನೋಡಿದಿರಲ್ಲ, ಅಷ್ಟಕ್ಕೇ ಸಾಕಾಯಿತು. ಆಮೇಲೆ ಡಾಕ್ಟರ ಹತ್ತಿರ ಹೋಗಿ.

ಈಗ ತಮಗೆ. ಸೇತುವೆಯ ಎರಡೂ ಬದಿಗೆ ಶಾಶ್ವತವಾದ ತಡೆಬಲೆ ಬೇಕು. ಎರಡೂ ತುದಿಯಲ್ಲಿ ಸಹಾಯವಾಣಿಯ ಫಲಕ ಬೇಕು, ಆ ಫೋನನ್ನು ಎತ್ತಿಕೊಳ್ಳುವ ಮನುಷ್ಯರೂ ಬೇಕು. ಮಾದರಿ ಕಡತದಿಂದ ನನ್ನ ವಾಕ್ಯವನ್ನು ತೆಗೆದುಹಾಕಬೇಕು. ಅದು ತಪ್ಪೆಂದು ಬರೆದವನೇ ಲಿಖಿತವಾಗಿ ಒಪ್ಪಿಕೊಂಡಿದ್ದಾನೆ, ಇದಕ್ಕಿಂತ ದೊಡ್ಡ ದಾಖಲೆ ತಮಗೆ ಸಿಗಲಾರದು. ಬರುವ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಟೀಚರೂ ನಾನೂ ತಮ್ಮ ಕಚೇರಿಗೆ ಬರುತ್ತೇವೆ. ತಾವು ಜವಾನನ ಬಾಯಿಂದ ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎನ್ನಿಸಬಹುದು, ಊಟಕ್ಕೆ ಹೋಗಿದ್ದಾರೆ ಎನ್ನಿಸಬಹುದು, ನಾಳೆ ಬನ್ನಿ ಎನ್ನಿಸಬಹುದು. ನಾವು ಹೊರಗಿನ ಬೆಂಚಿನ ಮೇಲೆ ಕಾಯುತ್ತೇವೆ. ನಾಳೆಯೂ ಬರುತ್ತೇವೆ. ನನ್ನ ಹತ್ತಿರ ಈಗ ಬೇಕಾದಷ್ಟು ನಾಳೆಗಳಿವೆ.

ಇಂತಿ,
ಬದುಕಿ ಉಳಿದದ್ದರಿಂದ ತಮಗೆ ಇಷ್ಟೆಲ್ಲ ತೊಂದರೆ ಕೊಡುತ್ತಿರುವ
ಒಬ್ಬ ನಿವೃತ್ತ ಅಧೀಕ್ಷಕ